ತೆರೆದ ಬಾಗಿಲಿನ ಅಗುಳಿ

ದಿನಪತ್ರಿಕೆ ಓದುವ ಅಭ್ಯಾಸವುಳ್ಳವರಿಗೆಲ್ಲ ಪರಿಚಿತವಾದ ಒಂದು ಬಗೆಯ ಸುದ್ದಿಯುಂಟು. ಯಾರೋ ಒಬ್ಬರು ಪಿಸ್ತೂಲನ್ನು ಕೈಗೆತ್ತಿಕೊಳ್ಳುತ್ತಾರೆ. ಅದರಲ್ಲಿ ಗುಂಡಿಲ್ಲವೆಂಬುದು ಅವರ ನಂಬಿಕೆ. ಒರೆಸುವಾಗಲೋ, ಗೆಳೆಯರಿಗೆ ತೋರಿಸುವಾಗಲೋ ಬೆರಳು ಟ್ರಿಗರಿಗೆ ತಗಲುತ್ತದೆ, ಎದುರಿಗಿದ್ದವರು ನೆಲಕ್ಕುರುಳುತ್ತಾರೆ. ಅನಂತರ ಹೇಳುವ ಮಾತು ಒಂದೇ: 'ಖಾಲಿಯಿದೆಯೆಂದು ತಿಳಿದಿದ್ದೆ.' ಆಯುಧದ ಪರಿಚಯವಿಲ್ಲದವರಿಂದ ಮಾತ್ರ ಹೀಗಾಗುತ್ತದೆಂದು ಭಾವಿಸಬೇಕಾಗಿಲ್ಲ. 2023ರ ಡಿಸೆಂಬರ್ ತಿಂಗಳಲ್ಲಿ ಉತ್ತರ ಪ್ರದೇಶದ ಅಲೀಗಢದ ಪೊಲೀಸ್ ಠಾಣೆಯೊಂದರಲ್ಲಿ, ಸಹೋದ್ಯೋಗಿ ಕೈಗಿತ್ತ ಪಿಸ್ತೂಲನ್ನು ಅಧಿಕಾರಿಯೊಬ್ಬರು ನಿಂತಲ್ಲಿಯೇ ಹಿಡಿದು ನೋಡುತ್ತಿದ್ದಾಗ ಅದು ಸಿಡಿಯಿತು. ಪಾಸ್‌ಪೋರ್ಟ್ ಪರಿಶೀಲನೆಗೆಂದು ಬಂದು ಎದುರಿಗೆ ನಿಂತಿದ್ದ ಮಹಿಳೆಯ ತಲೆಗೆ ಗುಂಡು ತಗಲಿತು. ಕೆಲವು ದಿನಗಳಲ್ಲಿ ಆಕೆ ತೀರಿಕೊಂಡರು.

ಹಾಗಾದರೆ ತಾನು ಖಾಲಿಯೋ ಭರ್ತಿಯೋ ಎಂಬುದನ್ನು ಹೇಳುವ ಶಕ್ತಿ ಆ ಯಂತ್ರಕ್ಕೆ ಇಲ್ಲವೆ? ಇದೆ. ಆ ಮಾತನ್ನು ಆಡುವುದು ಪಿಸ್ತೂಲಿನ ಎಡಮಗ್ಗುಲಲ್ಲಿರುವ ಒಂದು ಚಿಕ್ಕ ಉಕ್ಕಿನ ತುಂಡು. ಜೀವಮಾನವನ್ನೆಲ್ಲ ಹಳಗನ್ನಡ ಪಾಠ ಹೇಳುತ್ತ ಕಳೆದವನಿಗೆ ಈ ಉಕ್ಕಿನ ತುಂಡಿನ ಉಸಾಬರಿ ಏಕೆ ಎಂದು ಕೇಳುಗರು ನಗಬಹುದು. ಒಂದು ವಸ್ತು ತನ್ನ ಅರ್ಥವನ್ನು ಹೇಗೆ ಹೊರಗೆಡಹುತ್ತದೆ, ಆ ಅರ್ಥ ಎಲ್ಲಿ ತಪ್ಪುತ್ತದೆ ಎಂಬುದನ್ನು ವಿಚಾರಿಸುವುದು ಭಾಷೆಯ ಮೇಷ್ಟರ ಕೆಲಸವೇ ಅಲ್ಲವೆ?

ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಹೆಸರಿಲ್ಲ. ಸ್ಲೈಡ್ ಸ್ಟಾಪ್, ಸ್ಲೈಡ್ ಲಾಕ್, ಸ್ಲೈಡ್ ಕ್ಯಾಚ್, ಸ್ಲೈಡ್ ರಿಲೀಸ್ ಎಂದು ನಾಲ್ಕು ಹೆಸರುಗಳು ಬಳಕೆಯಲ್ಲಿವೆ. ಮೊದಲ ಮೂರು ಹೆಸರುಗಳು ಇದನ್ನು ತಡೆಯುವ ವಸ್ತುವೆಂದರೆ, ನಾಲ್ಕನೆಯದು ಬಿಡುಗಡೆ ಮಾಡುವ ವಸ್ತುವೆನ್ನುತ್ತದೆ. ನಾನು ಇದನ್ನು 'ಅಗುಳಿ' ಎಂದು ಕರೆಯುತ್ತೇನೆ. ಆದರೆ ಒಂದು ಭೇದವನ್ನು ನೆನಪಿಡಬೇಕು. ನಮ್ಮ ಹಳೆಯ ಮನೆಗಳ ಅಗುಳಿ ಮುಚ್ಚಿದ ಬಾಗಿಲು ತೆರೆಯದಂತೆ ತಡೆಯುತ್ತದೆ. ಈ ಅಗುಳಿಯಾದರೋ ತೆರೆದ ಬಾಗಿಲು ಮುಚ್ಚದಂತೆ ತಡೆಯುತ್ತದೆ.

ಬಾಗಿಲು ಯಾವುದು? ಅರೆ-ಸ್ವಯಂಚಾಲಿತ ಪಿಸ್ತೂಲಿನ ಮೇಲುಭಾಗದಲ್ಲಿ ನಳಿಗೆಯನ್ನು ಕವಿದುಕೊಂಡು ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಕವಚವೊಂದಿರುತ್ತದೆ. ಅದೇ ಸ್ಲೈಡ್. ಅದು ಮುಂದಿದ್ದಾಗ ನಳಿಗೆಯ ಹಿಂಬದಿಯ ಗುಂಡಿನ ಕೋಣೆ, ಎಂದರೆ ಚೇಂಬರ್, ಮುಚ್ಚಿರುತ್ತದೆ; ಹಿಂದೆ ಸರಿದಾಗ ತೆರೆದುಕೊಳ್ಳುತ್ತದೆ. ಹಿಡಿಯೊಳಗೆ ಕಾಡತೂಸುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ತಗಡಿನ ಪೆಟ್ಟಿಗೆಯೇ ಮ್ಯಾಗಜೀನ್. ಉಗ್ರಾಣ ಎಂಬರ್ಥದ ಅರಬ್ಬಿ ಪದದಿಂದ ಬಂದ ಈ ಮಾತಿಗೂ ನಮ್ಮ 'ಖಜಾನೆ'ಗೂ ಧಾತು ಒಂದೇ. ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಇಂಗ್ಲಿಷಿನವರು ಇಟ್ಟ ಹೆಸರೂ ಇದೇ. ಒಂದು ಉಗ್ರಾಣದಲ್ಲಿ ಲೇಖನಗಳು, ಇನ್ನೊಂದರಲ್ಲಿ ಗುಂಡುಗಳು. ಪಿಸ್ತೂಲಿನ ಮ್ಯಾಗಜೀನಿನ ತಳದಲ್ಲಿ ಒಂದು ಸ್ಪ್ರಿಂಗ್, ಅದರ ತಲೆಯ ಮೇಲೆ ಒಂದು ಪುಟ್ಟ ಹಲಗೆ. ಕಾಡತೂಸುಗಳ ಬೆನ್ನಿಗೇ ಮೇಲೇರುವುದರಿಂದ ಈ ಹಲಗೆಗೆ ಫಾಲೋಯರ್, ಎಂದರೆ ಹಿಂಬಾಲಕ, ಎಂದು ಹೆಸರು.

ಈಗ ಕ್ರಿಯೆಯನ್ನು ನೋಡೋಣ. ಉದಾಹರಣೆಗೆ, ಅಮೆರಿಕದ ಸೈನ್ಯ 1911ರ ಮಾರ್ಚ್ 29ರಂದು ಅಂಗೀಕರಿಸಿದ ಕೋಲ್ಟ್ ಪಿಸ್ತೂಲನ್ನೇ ತೆಗೆದುಕೊಳ್ಳಬಹುದು. ಅದನ್ನು ರೂಪಿಸಿದವನು ಯೂಟಾ ಪ್ರಾಂತ್ಯದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಅಂಗೀಕಾರಕ್ಕೆ ಮುನ್ನ ನಡೆದ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ಹಾರಿಸಿದರೂ ಅದು ಒಮ್ಮೆಯೂ ಮುಗ್ಗರಿಸಲಿಲ್ಲ. ಅದರ ಮ್ಯಾಗಜೀನಿನಲ್ಲಿ ಹಿಡಿಯುವುದು 7 ಕಾಡತೂಸು. ಟ್ರಿಗರ್ ಒತ್ತಿದೊಡನೆ ಸಿಡಿಮದ್ದಿನ ಒತ್ತಡ ಗುಂಡನ್ನು ಮುಂದಕ್ಕೂ ಸ್ಲೈಡನ್ನು ಹಿಂದಕ್ಕೂ ನೂಕುತ್ತದೆ. ಹಿಂದೆ ಸರಿಯುವ ಸ್ಲೈಡ್ ಖಾಲಿ ಕೊಳವೆಯನ್ನು ಎಳೆದು ಹೊರಗೆಸೆಯುತ್ತದೆ. ಸುತ್ತಿಗೆಯನ್ನು ಮಣಿಸಿ ಮುಂದಿನ ಹೊಡೆತಕ್ಕೆ ಸಜ್ಜುಗೊಳಿಸುತ್ತದೆ. ನಳಿಗೆಯ ಕೆಳಗಿನ ಸ್ಪ್ರಿಂಗನ್ನು ಅದುಮುತ್ತದೆ. ಅದುಮಿದ ಸ್ಪ್ರಿಂಗ್ ಅದನ್ನು ಮರಳಿ ಮುಂದಕ್ಕೆ ದಬ್ಬುತ್ತದೆ. ಹಾಗೆ ಮುಂದೆ ಬರುವಾಗ ಸ್ಲೈಡ್ ಮ್ಯಾಗಜೀನಿನ ಮೇಲ್ತುದಿಯ ಕಾಡತೂಸನ್ನು ತಳ್ಳಿ ಚೇಂಬರಿಗೆ ಸೇರಿಸಿ ಬಾಗಿಲು ಮುಚ್ಚುತ್ತದೆ. ಇದೆಲ್ಲವೂ ರೆಪ್ಪೆ ಬಡಿಯುವುದರೊಳಗೆ ಮುಗಿದುಹೋಗುತ್ತದೆ.

ಅಗುಳಿಯ ಸರದಿ ಬರುವುದು ಕೊನೆಯ ಗುಂಡಿನಲ್ಲಿ. ಅಗುಳಿಯಿಂದ ಒಂದು ಪುಟ್ಟ ಮೊಳೆ ಒಳಮುಖವಾಗಿ ಮ್ಯಾಗಜೀನಿನ ಕಡೆಗೆ ಚಾಚಿಕೊಂಡಿದೆ. ಕಾಡತೂಸುಗಳು ಉಳಿದಿರುವವರೆಗೆ ಹಿಂಬಾಲಕ ಹಲಗೆ ಅವುಗಳ ಕೆಳಗೇ ಇರುವುದರಿಂದ ಆ ಮೊಳೆಯನ್ನು ಮುಟ್ಟಲಾರದು. ಸ್ಪ್ರಿಂಗಿನ ಬಲವುಳ್ಳ ಒಂದು ಕಡ್ಡಿಯೂ ಅಗುಳಿಯನ್ನು ಕೆಳಗೇ ಹಿಡಿದಿರುತ್ತದೆ. ಕೊನೆಯ ಕಾಡತೂಸು ಚೇಂಬರಿಗೆ ಹೋದೊಡನೆ ಹಲಗೆಯ ಎಡ ಅಂಚು ಮೇಲೇರಿ ಮೊಳೆಯನ್ನು ಒತ್ತಲು ತೊಡಗುತ್ತದೆ. ಆದರೆ ಮೇಲೆ ಸ್ಲೈಡ್ ಅಡ್ಡವಾಗಿದೆ. ಅಗುಳಿ ಏಳಲಾರದೆ ಕಾಯುತ್ತದೆ. ಆ ಕೊನೆಯ ಗುಂಡೂ ಹಾರಿ ಸ್ಲೈಡ್ ಹಿಂದೆ ಸರಿದಾಗ, ಅದರ ಅಂಚಿನಲ್ಲಿ ಕೊರೆದಿಟ್ಟ ಒಂದು ಕಚ್ಚು ಸರಿಯಾಗಿ ಅಗುಳಿಯ ನೇರಕ್ಕೆ ಬರುತ್ತದೆ. ಅಗುಳಿ ಥಟ್ಟನೆ ಆ ಕಚ್ಚಿನೊಳಕ್ಕೆ ಏರುತ್ತದೆ. ಮುಂದಕ್ಕೆ ಬರಲೆಳಸಿದ ಸ್ಲೈಡ್ ಅಲ್ಲಿಯೇ ನಿಲ್ಲುತ್ತದೆ. ಬಾಗಿಲು ತೆರೆದಿದೆ, ಉಗ್ರಾಣ ಬರಿದಾಗಿದೆಯೆಂಬುದನ್ನು ಪಿಸ್ತೂಲು ಬಾಯಿ ತೆರೆದು ಸಾರುತ್ತಿದೆ. ರಿವಾಲ್ವರಿನಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಹೊಡೆದವನೇ ಲೆಕ್ಕವಿಡಬೇಕು. ಲೆಕ್ಕ ತಪ್ಪಿದರೆ ಬರಿಯ 'ಟಿಕ್' ಸದ್ದಿನಿಂದ ತಿಳಿಯಬೇಕು.

ತುಂಬಿದ ಮ್ಯಾಗಜೀನನ್ನು ಸೇರಿಸಿದಾಗ ಹಲಗೆ ಕೆಳಗಿಳಿದು ಮೊಳೆಯ ಮೇಲಿನ ಒತ್ತಡ ತಪ್ಪುತ್ತದೆ. ಆದರೂ ಸ್ಲೈಡಿನ ಭಾರಕ್ಕೆ ಸಿಕ್ಕಿರುವ ಅಗುಳಿ ತಾನಾಗಿ ಜಾರದು. ಹೆಬ್ಬೆರಳಿನಿಂದ ಅದನ್ನು ಕೆಳಕ್ಕೊತ್ತಬೇಕು, ಇಲ್ಲವೆ ಸ್ಲೈಡನ್ನು ಕೊಂಚ ಹಿಂದಕ್ಕೆಳೆದು ಬಿಡಬೇಕು. ಸ್ಟಾಪ್ ಎಂದೂ ರಿಲೀಸ್ ಎಂದೂ ಎರಡು ಹೆಸರು ಬಂದುದರ ಕಾರಣ ಈಗ ಸ್ಪಷ್ಟವಾದೀತು. ಬ್ರೌನಿಂಗನ ಮಿತವ್ಯಯದ ಬುದ್ಧಿ ಇಲ್ಲಿಗೇ ನಿಲ್ಲಲಿಲ್ಲ. ಈ ಅಗುಳಿಯ ಕಡ್ಡಿ ಪಿಸ್ತೂಲಿನ ಮೈಯನ್ನು ಅಡ್ಡಲಾಗಿ ಹಾಯ್ದು, ನಳಿಗೆಯ ಕೊಂಡಿಗೆ ಅಚ್ಚಾಗಿಯೂ ನಿಲ್ಲುತ್ತದೆ. ಅದನ್ನು ಹೊರಕ್ಕೆಳೆದರೆ ಮೇಲಿನ ಭಾಗವೆಲ್ಲ ಬಿಚ್ಚಿಕೊಳ್ಳುತ್ತದೆ. ಮನೆಯ ಅಗುಳಿಯೇ ಮನೆಯ ತೊಲೆಯೂ ಆದಂತೆ!

ಎಲ್ಲ ಪಿಸ್ತೂಲುಗಳೂ ಒಂದೇ ಬಗೆಯಲ್ಲಿ ಮಾತನಾಡುವುದಿಲ್ಲ. ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲಿ ಹೊರತಂದ ಪಿಪಿ ಮಾದರಿಯಲ್ಲಿ ಅಗುಳಿ ಒಳಗೇ ಅಡಗಿದೆ. ಹೊರಗೆ ಒತ್ತುವ ಹಿಡಿಕೆಯಿಲ್ಲ. ಇಟಲಿಯ ಬೆರೆಟ್ಟಾ 1934ರಲ್ಲಿ ಪ್ರತ್ಯೇಕವಾದ ಅಗುಳಿಯೇ ಇಲ್ಲ. ಗುಂಡುಗಳು ತೀರಿದಾಗ ಮ್ಯಾಗಜೀನಿನ ಹಲಗೆಯೇ ಸ್ಲೈಡಿಗೆ ಅಡ್ಡಗಟ್ಟುತ್ತದೆ. ಮ್ಯಾಗಜೀನನ್ನು ಎಳೆದೊಡನೆ ಸ್ಲೈಡ್ ಮುಂದಕ್ಕೆ ಬಂದು ಬಾಗಿಲು ಮುಚ್ಚುತ್ತದೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಂತೆ. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯವರ ಪ್ರಾಣವನ್ನು ಹೀರಿದ್ದು ಇದೇ ಮಾದರಿಯ ಪಿಸ್ತೂಲು ಎಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯುವುದು ಕಷ್ಟ. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಮ್ಮಿನ ಲಿಯೇಜಿನಲ್ಲಿ ತೀರಿಕೊಂಡಾಗ ಅರ್ಧಕ್ಕೆ ಉಳಿದಿದ್ದ ಇನ್ನೊಂದು ಪಿಸ್ತೂಲನ್ನು ದಿಯುದೊನೆ ಸೈವ್ ಎಂಬ ಬೆಲ್ಜಿಯನ್ ಶಿಲ್ಪಿ ಪೂರ್ಣಗೊಳಿಸಿದ. 1935ರ ಆ 'ಹೈ ಪವರ್' ಮಾದರಿಯನ್ನೇ ಅನುಸರಿಸಿ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ ನಮ್ಮ ಸೈನ್ಯಕ್ಕೂ ಪೊಲೀಸರಿಗೂ 9 ಮಿಲಿಮೀಟರ್ ಪಿಸ್ತೂಲನ್ನು ತಯಾರಿಸಿತು. ಅದರ ಮ್ಯಾಗಜೀನಿನಲ್ಲಿ 13 ಕಾಡತೂಸು. ಎಡಮಗ್ಗುಲಲ್ಲಿ ಅದೇ ಅಗುಳಿ.

ಇಷ್ಟೆಲ್ಲ ಇದ್ದರೂ ಅಪಘಾತಗಳೇಕೆ? ಒಂದು ಕಾರಣ, ಯಂತ್ರದ ಮಾತಿಗೂ ದೋಷವುಂಟು. ಮ್ಯಾಗಜೀನಿನ ಸ್ಪ್ರಿಂಗ್ ಸವೆದು ಸೋತಿದ್ದರೆ ಹಲಗೆಗೆ ಅಗುಳಿಯನ್ನೆತ್ತುವ ಬಲ ಸಾಲದು. ಹಿಡಿದವನ ಹೆಬ್ಬೆರಳು ಅಗುಳಿಯ ಮೇಲೆ ಭಾರವಾಗಿ ಕುಳಿತಿದ್ದರೆ ಅದು ಏಳಲಾರದು. ಕೆಳಗಿನಿಂದ ತಗಲಿದರೆ ಗುಂಡುಗಳಿರುವಾಗಲೇ ಎದ್ದು ನಿಲ್ಲಲೂಬಹುದು. ಆದುದರಿಂದ ತೆರೆದ ಬಾಗಿಲನ್ನು ಕಂಡು ತೃಪ್ತರಾಗದೆ, ಆ ಬಾಗಿಲಿನಿಂದ ಒಳಕ್ಕೆ ನೋಡಲೇಬೇಕು.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಮ್ಯಾಗಜೀನನ್ನು ಕಳಚಿದೊಡನೆ ಪಿಸ್ತೂಲು ಖಾಲಿಯಾಯಿತೆಂದು ಬಹುಮಂದಿ ತಿಳಿಯುತ್ತಾರೆ. ಉಗ್ರಾಣವನ್ನು ಹೊರಗಿಟ್ಟರೂ ಉಗ್ರಾಣದಿಂದ ಈಗಾಗಲೇ ಒಳಮನೆಗೆ ಹೋದ ಒಂದು ಕಾಡತೂಸು ಚೇಂಬರಿನಲ್ಲಿ ಕುಳಿತಿರುತ್ತದೆಯಲ್ಲ! ಇನ್ನು ಕೆಲವರು ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಸ್ಲೈಡನ್ನೆಳೆದು ಚೇಂಬರಿನ ಕಾಡತೂಸನ್ನು ಹೊರಹಾಕಿ, ಸ್ಲೈಡನ್ನು ಬಿಟ್ಟು, ಆಮೇಲೆ ಮ್ಯಾಗಜೀನನ್ನು ತೆಗೆಯುತ್ತಾರೆ. ಬಿಟ್ಟ ಸ್ಲೈಡ್ ಅಷ್ಟರಲ್ಲಿ ಇನ್ನೊಂದನ್ನು ಒಳಕ್ಕೆ ಸೇರಿಸಿಯಾಗಿರುತ್ತದೆ. ಕೈಯಲ್ಲಿ ಮ್ಯಾಗಜೀನ್, ನೆಲದ ಮೇಲೆ ಒಂದು ಕಾಡತೂಸು, ಮನಸ್ಸಿನಲ್ಲಿ ಖಾಲಿಯೆಂಬ ಭರವಸೆ, ಚೇಂಬರಿನಲ್ಲಿ ಮೃತ್ಯು.

ಸರಿಯಾದ ಕ್ರಮ ಮಕ್ಕಳ ಪಾಠದಷ್ಟು ಸರಳವಾದುದು. ನಳಿಗೆಯ ಬಾಯಿ ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗಿರಲಿ. ಬೆರಳು ಟ್ರಿಗರಿನಿಂದ ದೂರವಿರಲಿ. ಮೊದಲು ಮ್ಯಾಗಜೀನನ್ನು ಕಳಚಬೇಕು. ಅನಂತರ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು, ಹೆಬ್ಬೆರಳಿನಿಂದ ಅಗುಳಿಯನ್ನು ಮೇಲಕ್ಕೆತ್ತಿ, ತೆರೆದ ಸ್ಥಿತಿಯಲ್ಲಿ ನಿಲ್ಲಿಸಬೇಕು. ಕೊನೆಯದಾಗಿ ಚೇಂಬರನ್ನು ಕಣ್ಣಿನಿಂದ ನೋಡಬೇಕು. ಕತ್ತಲಿದ್ದರೆ ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ಇನ್ನೊಬ್ಬರ ಕೈಗೆ ಕೊಡುವುದಾದರೆ ಹಾಗೆ ತೆರೆದೇ ಕೊಡಬೇಕು. ತೆಗೆದುಕೊಂಡವರೂ ಮತ್ತೊಮ್ಮೆ ನೋಡಬೇಕು. ಹೀಗೆ ನೋಡುವುದು ಕೊಟ್ಟವರ ಮೇಲಿನ ಅಪನಂಬಿಕೆಯಲ್ಲ, ಎದುರಿಗಿರುವವರ ಜೀವದ ಮೇಲಿನ ಗೌರವ. ಅಂತಾರಾಷ್ಟ್ರೀಯ ಗುರಿಸ್ಪರ್ಧೆಗಳಲ್ಲಿ ಪಳಗಿದ ಕ್ರೀಡಾಪಟುಗಳಿಗೂ ಇದರಿಂದ ವಿನಾಯಿತಿಯಿಲ್ಲ. ಚೇಂಬರು ಖಾಲಿಯೆಂದು ದೂರದಿಂದಲೇ ಕಾಣುವಂತೆ ಅವರು ಬಣ್ಣದ ಗುರುತುಪಟ್ಟಿಯೊಂದನ್ನು ಅದರೊಳಗೆ ತೂರಿಸಿಡಬೇಕಾಗುತ್ತದೆ. ಅಲೀಗಢದ ಆ ಪಿಸ್ತೂಲು ಕೈಯಿಂದ ಕೈಗೆ ಹೋಗುವಾಗ ಮ್ಯಾಗಜೀನ್ ಕಳಚಿ, ಸ್ಲೈಡ್ ತೆರೆದ ಸ್ಥಿತಿಯಲ್ಲಿ ಇದ್ದಿದ್ದರೆ, ಪಾಸ್‌ಪೋರ್ಟಿಗಾಗಿ ಬಂದಿದ್ದ ತಾಯಿ ಮನೆಗೆ ಮರಳುತ್ತಿದ್ದರು.

ಆಯುಧ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅಜಾಗರೂಕತೆಯಿಂದ ಅಥವಾ ಸಂಭ್ರಮಾಚರಣೆಗಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಕಾಯಿದೆಯ ಕೆಲಸ ಮೊದಲಾಗುವುದು ಗುಂಡು ಹಾರಿದ ಮೇಲೆ. ಅಗುಳಿಯ ಕೆಲಸ ಅದಕ್ಕೆ ಮೊದಲು. ಪರವಾನಗಿ ಪಡೆದ ಪಿಸ್ತೂಲು ಯಾರ ಮನೆಯ ಬೀರುವಿನಲ್ಲಿದೆಯೋ ಅವರು ನೆನಪಿಡಬೇಕಾದುದು ಇಷ್ಟೆ: ಮುಚ್ಚಿದ ಪಿಸ್ತೂಲು ಮೌನವಾಗಿರುತ್ತದೆ, ಆ ಮೌನಕ್ಕೆ ಖಾಲಿ ಎಂಬ ಅರ್ಥವನ್ನು ಯಾರೂ ಹಚ್ಚಬಾರದು.