ಗಾಜಿನೆಳೆಯೂ ಪರವಾನಗಿಯೂ

ಜಮಖಂಡಿ ತಾಲ್ಲೂಕಿನ ಸಾವಳಗಿಯಂಥ ಊರಿಗೆ ತಂತಿಯ ಮೂಲಕ ಅಂತರ್ಜಾಲವನ್ನು ಒಯ್ಯಬೇಕಾದರೆ ಮೂರು ಬಗೆಯ ವೆಚ್ಚಗಳು ತಗಲುತ್ತವೆ. ನೆಲವನ್ನು ಅಗೆದು ಕೇಬಲ್ ಹೂಳುವ ವೆಚ್ಚ ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಎರಡು ತುದಿಗಳಲ್ಲಿ ಕೂರಿಸುವ ಯಂತ್ರಗಳ ಬೆಲೆ ಕಾಗದಪತ್ರಗಳಲ್ಲಿ ಕಾಣತಕ್ಕದ್ದು. ಮೂರನೆಯದು ಮಾತ್ರ ಆ ಯಂತ್ರಗಳ ಬೆಲೆಯೊಳಗೇ ಅಡಗಿ ಕುಳಿತಿರುತ್ತದೆ. ಯಂತ್ರದಲ್ಲಿ ಬಳಸಿದ ಯುಕ್ತಿಗಳ ಒಡೆಯರಿಗೆ ಸಲ್ಲುವ ಹಣವದು. ಈ ಮೂರನೆಯ ವೆಚ್ಚದ ಬಗೆಗೆ ಇಲ್ಲಿ ವಿಚಾರ ಮಾಡೋಣ.

ಹೊಸ ಯುಕ್ತಿಯೊಂದನ್ನು ಕಂಡುಹಿಡಿದವನು ಅದನ್ನು ಬಚ್ಚಿಡದೆ ಎಲ್ಲರಿಗೂ ತಿಳಿಯುವಂತೆ ಬರೆದುಕೊಟ್ಟರೆ, ಅವನ ಅಪ್ಪಣೆಯಿಲ್ಲದೆ ಅನ್ಯರು ಅದನ್ನು ಮಾಡದಂತೆಯೂ ಮಾರದಂತೆಯೂ ಕೆಲವು ಕಾಲದವರೆಗೆ ತಡೆಯುವ ಹಕ್ಕನ್ನು ಸರಕಾರವು ಕೊಡುತ್ತದೆ. ಇದೇ ಪೇಟೆಂಟ್. ನಮ್ಮ ದೇಶದಲ್ಲಿ 1970ರ ಪೇಟೆಂಟ್ ಅಧಿನಿಯಮಕ್ಕೆ ಮುಂದೆ ಆದ ತಿದ್ದುಪಡಿಗಳ ಪ್ರಕಾರ ಈ ಹಕ್ಕಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಒಂದು ದೇಶದ ಪೇಟೆಂಟ್ ಆ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಒಡೆಯನು ಹಣ ಪಡೆದು ಕೊಡುವ ಅಪ್ಪಣೆಗೆ ಪರವಾನಗಿಯೆಂದು ಹೆಸರು. ಹೊಲವನ್ನು ಲಾವಣಿಗೆ ಕೊಡುವುದನ್ನು ಇದು ಹೋಲುತ್ತದಾದರೂ ಒಂದು ಭೇದವುಂಟು. ಒಂದೇ ಹೊಲವನ್ನು ಒಂದೇ ಕಾಲಕ್ಕೆ ಹತ್ತು ಮಂದಿ ಉಳಲಾರರು. ಒಂದು ಯುಕ್ತಿಯನ್ನಾದರೋ ನೂರು ಕಾರ್ಖಾನೆಗಳು ಒಟ್ಟಿಗೆ ಬಳಸಬಹುದು, ಅದು ಸವೆಯುವುದಿಲ್ಲ.

ಇನ್ನು ಯಂತ್ರದ ಕಡೆಗೆ ಬರೋಣ. ಗ್ರಾಮ ಪಂಚಾಯತಿಗಳಿಗೆ ಗಾಜಿನೆಳೆಯನ್ನು ಮುಟ್ಟಿಸಲೆಂದು ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆಯಿತ್ತ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಮೊದಲ ಹಂತದಲ್ಲಿ ಬಳಕೆಯಾದ ಏರ್ಪಾಡಿಗೆ 'ಜಿ-ಪಾನ್' ಎನ್ನುತ್ತಾರೆ. ತಾಲ್ಲೂಕು ಕೇಂದ್ರದ ದೂರವಾಣಿ ಕಚೇರಿಯಿಂದ ಹೊರಟ ಒಂದೇ ಎಳೆಯು ದಾರಿಯಲ್ಲಿ ಕವಲೊಡೆದು ಹಲವು ಊರುಗಳನ್ನು ಸೇರುತ್ತದೆ. ಕವಲಿನ ಸ್ಥಳದಲ್ಲಿ ವಿದ್ಯುತ್ತು ಬೇಕಿಲ್ಲ. ಅಲ್ಲಿರುವುದು ಬೆಳಕನ್ನು ಹಂಚುವ ಗಾಜಿನ ಸಾಧನ ಮಾತ್ರ. ಬೆಳಕನ್ನು ಎರಡಾಗಿ, ಮತ್ತೆ ಎರಡಾಗಿ, ಹೀಗೆ ಐದು ಸಲ ಭಾಗಿಸಿದರೆ 32 ಕವಲುಗಳಾಗುತ್ತವೆ. ಒಂದೊಂದಕ್ಕೂ ನೂರರಲ್ಲಿ ಮೂರು ಪಾಲಿನಷ್ಟು ಬೆಳಕು ದಕ್ಕುತ್ತದೆ. ಅಷ್ಟೇ ಸಾಕು! ಕರೆಂಟು ಆಗಾಗ ಕೈಕೊಡುವ ಸೀಮೆಗೆ ಇದು ಬಹಳ ಒಪ್ಪುವ ಉಪಾಯವೆಂದು ನಮ್ಮ ಎಣಿಕೆ.

ಕೇಂದ್ರದಿಂದ ಊರಿಗೆ ಬರುವ ಬೆಳಕಿನ ತರಂಗದೂರ 1490 ನ್ಯಾನೋಮೀಟರು. ಅದು ಎಲ್ಲ ಊರುಗಳಿಗೂ ಹೋಗುತ್ತದೆ. ಆಯಾ ಊರಿನ ಪೆಟ್ಟಿಗೆ ತನ್ನ ಹೆಸರಿನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಊರಿನಿಂದ ಕೇಂದ್ರಕ್ಕೆ ಮರಳುವ 1310 ನ್ಯಾನೋಮೀಟರಿನ ಬೆಳಕಿನಲ್ಲಿಯೇ ತೊಡಕಿರುವುದು. ಎಲ್ಲರೂ ಒಮ್ಮೆಗೇ ಮಾತಾಡಿದರೆ ಒಂದೇ ಎಳೆಯಲ್ಲಿ ಗದ್ದಲವಾಗುತ್ತದೆ. ಆದುದರಿಂದ ಸರದಿ ಬೇಕು. ಗಾಜಿನಲ್ಲಿ ಬೆಳಕು ಒಂದು ಕಿಲೋಮೀಟರು ಸಾಗಲು ಸುಮಾರು 5 ಮೈಕ್ರೋಸೆಕೆಂಡು ಹಿಡಿಯುತ್ತದೆ. ಎರಡು ಕಿಲೋಮೀಟರು ಹೆಚ್ಚು ದೂರವಿರುವ ಊರಿನ ಸಂಕೇತವು 10 ಮೈಕ್ರೋಸೆಕೆಂಡು ತಡವಾಗಿ ಬರುವುದೆಂದಾಯಿತು. ಕಡಮೆಯಾಯಿತೆನ್ನಬೇಡಿ, ಸೆಕೆಂಡಿಗೆ 124 ಕೋಟಿ ಬಿಟ್‌ಗಳ ವೇಗದಲ್ಲಿ ಅಷ್ಟು ಹೊತ್ತಿಗೆ 12 ಸಾವಿರಕ್ಕೂ ಹೆಚ್ಚು ಬಿಟ್‌ಗಳು ಸಾಗಿಬಿಟ್ಟಿರುತ್ತವೆ. ಆದ್ದರಿಂದ ಕೇಂದ್ರದ ಯಂತ್ರವು ಪ್ರತಿಯೊಂದು ಊರಿನ ದೂರವನ್ನು ಬೆಳಕಿನಿಂದಲೇ ಅಳೆದು, ಯಾರು ಯಾವ ಕ್ಷಣದಲ್ಲಿ ಹೊರಡಬೇಕೆಂದು ಗೊತ್ತುಮಾಡುತ್ತದೆ.

ಈ ಅಳತೆ, ಈ ಸರದಿ, ಈ ತರಂಗದೂರ ಎಲ್ಲವೂ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2003ರಿಂದ ಹೊರಡಿಸಿದ ಜಿ.984 ಎಂಬ ಮಾನಕದಲ್ಲಿ ಬರೆದಿಟ್ಟಿವೆ. ಒಬ್ಬರು ಮಾಡಿದ ಪೆಟ್ಟಿಗೆ ಇನ್ನೊಬ್ಬರ ಯಂತ್ರದೊಡನೆ ಮಾತಾಡಬೇಕಲ್ಲವೆ? ಆದರೆ ಮಾನಕವು ಹೇಳುವ ಒಂದು ಕ್ರಮಕ್ಕೆ ಯಾರದಾದರೂ ಪೇಟೆಂಟ್ ಇದ್ದರೆ, ಆ ಕ್ರಮವನ್ನು ಬಿಟ್ಟು ಬೇರೆ ದಾರಿ ಹಿಡಿಯುವಂತಿಲ್ಲ. ಸಾಧಾರಣ ಪೇಟೆಂಟಿನ ಎದುರು ತಯಾರಕನು 'ನನಗೆ ಬೇಡ' ಎನ್ನಬಹುದು. ಮಾನಕದೊಳಗೆ ಸೇರಿದ ಪೇಟೆಂಟಿನ ಎದುರು ಹಾಗೆನ್ನಲಾರನು. ಊರಿಗೆ ಇರುವುದೊಂದೇ ಸೇತುವೆ, ಅದರ ಮೇಲೊಬ್ಬ ಸುಂಕದವನು!

ಇದನ್ನು ಅರಿತೇ ಒಕ್ಕೂಟವು ಪೇಟೆಂಟಿನ ಒಡೆಯರನ್ನು ಮುಂಚೆಯೇ ಕೇಳುತ್ತದೆ. ಒಡೆಯನು ಬಿಟ್ಟಿಯಾಗಿ ಪರವಾನಗಿ ಕೊಡಬಹುದು, ಇಲ್ಲವೆ ನ್ಯಾಯವಾದ ಷರತ್ತುಗಳ ಮೇಲೆ ಯಾರಲ್ಲಿಯೂ ಪಕ್ಷಪಾತ ಮಾಡದೆ ಕೊಡುವೆನೆಂದು ಬರೆದುಕೊಡಬಹುದು. ಎರಡಕ್ಕೂ ಒಪ್ಪದಿದ್ದರೆ ಮಾನಕವು ಆ ಪೇಟೆಂಟನ್ನು ಆಶ್ರಯಿಸುವಂತಿಲ್ಲ. ಆದರೆ 'ನ್ಯಾಯವಾದ' ಎಂದರೆ ಎಷ್ಟು ರೂಪಾಯಿ? ಅದನ್ನು ಒಕ್ಕೂಟವು ಹೇಳುವುದಿಲ್ಲ. ಹತ್ತು ಮಂದಿ ಒಡೆಯರು ತಲಾ ನೂರಕ್ಕೆ ಎರಡರಂತೆ ಕೇಳಿದರೆಂದು ಭಾವಿಸೋಣ. ಒಬ್ಬೊಬ್ಬರದು ಅಲ್ಪವೇ ಸರಿ, ಒಟ್ಟಿಗೆ ನೂರಕ್ಕೆ ಇಪ್ಪತ್ತಾಯಿತು! ಇಡೀ ಯಂತ್ರದ ಬೆಲೆಯ ಮೇಲೆ ಲೆಕ್ಕ ಹಾಕಬೇಕೋ, ಆ ಯುಕ್ತಿಯಿರುವ ಚಿಪ್ಪಿನ ಬೆಲೆಯ ಮೇಲೋ ಎಂಬುದೂ ತಗಾದೆಯ ವಿಷಯ. ಜಂಗಮ ದೂರವಾಣಿಗಳ ವಿಷಯದಲ್ಲಿ ಎರಿಕ್ಸನ್ ಕಂಪನಿಯು ಮೈಕ್ರೋಮ್ಯಾಕ್ಸ್ ಮೇಲೆ 2013ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ವ್ಯಾಜ್ಯದಲ್ಲಿ ಈ ಪ್ರಶ್ನೆಯೇ ಎದ್ದಿತ್ತು. ಚಿಪ್ಪಿನ ಬೆಲೆಯೇ ನ್ಯಾಯವಾದ ಆಧಾರವೆಂದು ನಮಗೆ ತೋರುತ್ತದೆ. ಪೆಟ್ಟಿಗೆಯ ತಗಡಿಗೂ ವಿದ್ಯುತ್ಕೋಶಕ್ಕೂ ಆ ಯುಕ್ತಿಯ ಒಡೆಯನಿಗೂ ಏನು ಸಂಬಂಧ?

ಪರವಾನಗಿಯಲ್ಲಿ ಇನ್ನೊಂದು ಜಾತಿಯುಂಟು. ಅದನ್ನು ತಿಳಿಯಲು ಸಾವಳಗಿಯಿಂದ ಬಹುದೂರ ಹೋಗಬೇಕಿಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದು ರೂಪಿಸಿದ 128 ಕೊಂಡಿಗಳ ದೂರವಾಣಿ ವಿನಿಮಯ ಕೇಂದ್ರದಲ್ಲಿ ಮೊದಲನೆಯದು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಹವಾನಿಯಂತ್ರಣವಿಲ್ಲದೆ, ಬಿಸಿಲು ಧೂಳುಗಳಲ್ಲಿ ನಡೆಯುವುದು ಅದರ ಹಿರಿಮೆ. ಸಿ-ಡಾಟ್ ತಾನೇ ಕಾರ್ಖಾನೆ ತೆರೆಯಲಿಲ್ಲ. ನಕ್ಷೆಗಳನ್ನೂ ತಯಾರಿಕೆಯ ವಿಧಾನವನ್ನೂ ಸರಕಾರಿ ಮತ್ತು ಖಾಸಗಿ ತಯಾರಕರು ಹಲವರಿಗೆ ಪರವಾನಗಿಯ ಮೇಲೆ ಕೊಟ್ಟಿತು. ಒಬ್ಬನಿಗೇ ಕೊಟ್ಟಿದ್ದರೆ ಅವನು ಹೇಳಿದ್ದೇ ಬೆಲೆಯಾಗುತ್ತಿತ್ತು. ಸಿ-ಡಾಟ್ ರೂಪಿಸಿದ ಜಿ-ಪಾನ್ ಯಂತ್ರಗಳೂ ಇದೇ ರೀತಿಯಲ್ಲಿ ತಯಾರಕರ ಕೈಸೇರಿದವು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಅವರಲ್ಲೊಂದು.

ಇಲ್ಲಿ ಒಂದು ಭ್ರಾಂತಿಗೆ ಎಡೆಯಿದೆ. ಸ್ವದೇಶದಲ್ಲಿ ರೂಪಿಸಿದ ಯಂತ್ರವೆಂದ ಮಾತ್ರಕ್ಕೆ ಅದು ಪರರ ಪೇಟೆಂಟಿನಿಂದ ಮುಕ್ತವೆಂದು ತಿಳಿಯಲಾಗದು. ನಕ್ಷೆ ಕೊಟ್ಟವನ ಪರವಾನಗಿಯು ನಕ್ಷೆಗೆ. ಮಾನಕದೊಳಗಿನ ಯುಕ್ತಿಗೆ ಮೂರನೆಯವನೊಬ್ಬನು ಭಾರತದಲ್ಲಿ ಪೇಟೆಂಟ್ ಪಡೆದಿದ್ದರೆ ಅವನ ಋಣ ತಾನಾಗಿ ತೀರುವುದಿಲ್ಲ. ಆದುದರಿಂದ ಒಪ್ಪಂದಕ್ಕೆ ರುಜು ಹಾಕುವ ಮೊದಲು, ಅಂಥ ವ್ಯಾಜ್ಯ ಬಂದರೆ ಹೊಣೆ ಯಾರದೆಂಬ ಕಲಮನ್ನು ತಯಾರಕನು ಎರಡು ಸಲ ಓದುವುದು ಒಳ್ಳೆಯದು.

ಪೇಟೆಂಟನ್ನು ಲೆಕ್ಕಿಸದೆ ನಡೆದರೆ ಆಗುವುದೇನೆಂಬುದಕ್ಕೆ ಗಾಜಿನೆಳೆಯ ಚರಿತ್ರೆಯಲ್ಲೇ ನಿದರ್ಶನವಿದೆ. ಬೆಳಕನ್ನು ದೂರಕ್ಕೆ ಒಯ್ಯಬಲ್ಲ ಶುದ್ಧ ಗಾಜಿನೆಳೆಯನ್ನು 1970ರಲ್ಲಿ ಅಮೆರಿಕೆಯ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಜ್ ಎಂಬ ಮೂವರು ಸಾಧಿಸಿದರು. ಜಪಾನಿನ ಸುಮಿಟೊಮೊ ಕಂಪನಿಯ ಮೇಲೆ ಕಾರ್ನಿಂಗ್ ಹೂಡಿದ ದಾವೆಯಲ್ಲಿ 1987ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಕಾರ್ನಿಂಗಿನ ಪರವಾಗಿ ತೀರ್ಪಿತ್ತಿತು. ಆ ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಅವುಗಳಲ್ಲಿ ವಿವರಿಸಿದ ಎಳೆಯನ್ನು ಈಗ ಯಾರು ಬೇಕಾದರೂ ಎಳೆಯಬಹುದು. 2003ರ ಸುಮಾರಿನಲ್ಲಿ ಅರ್ಜಿ ಹಾಕಿದ ಜಿ-ಪಾನ್ ಯುಕ್ತಿಗಳ 20 ವರ್ಷಗಳೂ ತುಂಬಿವೆ. ಆದರೆ ಸೆಕೆಂಡಿಗೆ 1,000 ಕೋಟಿ ಬಿಟ್‌ಗಳನ್ನು ಎರಡೂ ದಿಕ್ಕಿಗೆ ಒಯ್ಯುವ ಎಕ್ಸ್‌ಜಿಎಸ್-ಪಾನ್ ಎಂಬ ಹೊಸ ಮಾನಕವು 2016ರಲ್ಲಿ ಬಂದಿದ್ದು, ಅದರ ಕಾಲಕ್ಕೆ ಸಲ್ಲಿಸಿದ ಪೇಟೆಂಟುಗಳಿಗೆ ಇನ್ನೂ ಹತ್ತು ವರ್ಷಗಳಷ್ಟು ಆಯುಸ್ಸಿದೆ.