ದೊಡ್ಡ ಕ್ಯಾಮೆರಾಕ್ಕೆ ಚಿಕ್ಕ ಲೆನ್ಸ್: ಕೂರುವುದು ಬೇರೆ, ಒಗ್ಗುವುದು ಬೇರೆ

ಭಾನುವಾರದ ಬೆಳಿಗ್ಗೆ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಒಂದು ಸುತ್ತು ನಡೆದರೆ ಕೊರಳಿಗೆ ಕ್ಯಾಮೆರಾ ತಗುಲಿಸಿಕೊಂಡವರು ನಾಲ್ಕಾರು ಮಂದಿಯಾದರೂ ಕಣ್ಣಿಗೆ ಬೀಳುತ್ತಾರೆ. ಬಿ.ಟಿ.ಎಂ. ಬಡಾವಣೆಯ ಮಡಿವಾಳ ಕೆರೆಯಲ್ಲೂ ಇದೇ ನೋಟ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ವೇಳೆ ಲಾಲ್‌ಬಾಗಿನ ಗಾಜಿನ ಮನೆಯೊಳಗೆ ಹೋದರಂತೂ ಹೂವಿಗಿಂತ ಕ್ಯಾಮೆರಾಗಳೇ ಹೆಚ್ಚೇನೋ ಎನಿಸುತ್ತದೆ. ಇವರಲ್ಲಿ ಬಹುಮಂದಿ ಮೊದಲು ಕೊಂಡಿರುವುದು ಚಿಕ್ಕ ಸೆನ್ಸರಿನ ಕ್ಯಾಮೆರಾ. ಅದರೊಂದಿಗೆ ಬಂದ ಲೆನ್ಸ್ ಒಂದು, ಆಮೇಲೆ ಹಣ ಕೂಡಿಸಿ ಕೊಂಡದ್ದು ಇನ್ನೊಂದು. ಕೆಲವು ವರ್ಷ ಕಳೆದ ಮೇಲೆ ‘ಫುಲ್ ಫ್ರೇಮ್’ ಕ್ಯಾಮೆರಾದ ಆಸೆ ಹುಟ್ಟುತ್ತದೆ. ಆಗ ಎಲ್ಲರೂ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: “ಅಣ್ಣಾ, ನನ್ನ ಹಳೇ ಲೆನ್ಸು ಇದಕ್ಕೆ ಆಗುತ್ತಾ?”

“ಆಗುತ್ತೆ” ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧವನ್ನು ತಿಳಿಯದೆ ಹಣ ಕಟ್ಟಿದವರು ಹೊಸ ಕ್ಯಾಮೆರಾದಿಂದ ಹಳೆಯ ಕ್ಯಾಮೆರಾದ ಚಿತ್ರವನ್ನೇ ತೆಗೆಯುತ್ತಾರೆ. ಆ ಉಳಿದರ್ಧ ಏನು ಎಂಬುದನ್ನು ಈಗ ನೋಡೋಣ.

ಮನೆಯಲ್ಲೇ ಒಂದು ಪ್ರಯೋಗ

ಒಂದು ಭೂತಗನ್ನಡಿಯನ್ನು ತೆಗೆದುಕೊಳ್ಳಿ. ಕೋಣೆಯ ದೀಪ ಆರಿಸಿ, ಕಿಟಕಿಗೆ ಎದುರಾದ ಗೋಡೆಯ ಬಳಿ ಅದನ್ನು ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ದೂರದಲ್ಲಿ ಕಿಟಕಿಯ ಚಿತ್ರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ನಡುವೆ ಅದು ಸ್ಪಷ್ಟ. ಅಂಚಿಗೆ ಹೋದಂತೆ ಮಬ್ಬು. ಕ್ಯಾಮೆರಾದ ಮಸೂರವೂ ಮಾಡುವುದು ಇದನ್ನೇ. ಅದು ಒಳಗೆ ಚೆಲ್ಲುವುದು ಬೆಳಕಿನ ಒಂದು ದುಂಡು ಬಿಂಬವನ್ನು. ಆ ದುಂಡಿನೊಳಗಿಂದ ಆಯತಾಕಾರದ ಒಂದು ತುಂಡನ್ನು ಸೆನ್ಸರ್ ಆರಿಸಿಕೊಳ್ಳುತ್ತದೆ, ದೊಡ್ಡ ಹಪ್ಪಳದಿಂದ ಪೋಸ್ಟ್ ಕಾರ್ಡಿನಷ್ಟು ಅಗಲದ ತುಂಡನ್ನು ಕತ್ತರಿಸಿಕೊಂಡ ಹಾಗೆ.

ಫುಲ್ ಫ್ರೇಮ್ ಸೆನ್ಸರಿನ ಅಳತೆ 36×24 ಮಿಲಿಮೀಟರ್. ಅದರ ಮೂಲೆಯಿಂದ ಮೂಲೆಗೆ ಸುಮಾರು 43 ಮಿಲಿಮೀಟರ್. ಅಂದರೆ ಲೆನ್ಸ್ ಚೆಲ್ಲುವ ಬಿಂಬದ ಅಡ್ಡಳತೆ ಅಷ್ಟಾದರೂ ಇರಬೇಕು. ನಿಕಾನ್ ಮತ್ತು ಸೋನಿಯ ಕ್ರಾಪ್ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್, ಕ್ಯಾನನ್‌ನದು ಇನ್ನೂ ತುಸು ಚಿಕ್ಕದು, 22.3×14.9ರ ಆಸುಪಾಸು. ಇವುಗಳಿಗೆ 27-28 ಮಿಲಿಮೀಟರ್ ಅಡ್ಡಳತೆಯ ಬಿಂಬವೇ ಸಾಕು. ಬಿಂಬ ಚಿಕ್ಕದಾದರೆ ಸಾಕೆಂದಾಗ ಲೆನ್ಸನ್ನು ಹಗುರವಾಗಿ, ಅಗ್ಗವಾಗಿ ಮಾಡಬಹುದು. ಕ್ರಾಪ್ ಲೆನ್ಸುಗಳು ಕೈಗೆಟುಕುವ ಬೆಲೆಗೆ ಸಿಗುವುದರ ಗುಟ್ಟು ಇಲ್ಲಿದೆ. ಅವು ಕಳಪೆಯಲ್ಲ, ಚಿಕ್ಕ ಹಪ್ಪಳಗಳು, ಅಷ್ಟೆ.

ಎರಡು ಅಳತೆ ಬಂದದ್ದು ಹೇಗೆ?

36×24 ಎಂಬ ಅಳತೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞ 35 ಮಿಲಿಮೀಟರ್ ಸಿನಿಮಾ ಫಿಲಂ ಬಳಸಿ ಕೈಯಲ್ಲಿ ಹಿಡಿಯುವ ಪುಟ್ಟ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ‘ಲೈಕಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಸ್ಟುಡಿಯೋಗಳಿಗೆ ನಾವು ತೊಳೆಯಲು ಕೊಡುತ್ತಿದ್ದ 36 ಚಿತ್ರಗಳ ರೀಲಿನ ಅಳತೆಯೂ ಇದೇ ಆಯಿತು.

ಡಿಜಿಟಲ್ ಕಾಲ ಬಂದಾಗ ಇಷ್ಟು ದೊಡ್ಡ ಸೆನ್ಸರ್ ತಯಾರಿಸುವುದು ಬಹಳ ದುಬಾರಿಯಾಗಿತ್ತು. ಸೆನ್ಸರುಗಳನ್ನು ದುಂಡನೆಯ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸುತ್ತಾರೆ. ತುಂಡು ದೊಡ್ಡದಾದಷ್ಟೂ ಒಂದು ಬಿಲ್ಲೆಯಿಂದ ಸಿಗುವ ಸಂಖ್ಯೆ ಕಡಿಮೆ. ಎಲ್ಲಾದರೂ ದೋಷವಿದ್ದರೆ ಆ ಇಡೀ ತುಂಡೇ ವ್ಯರ್ಥ. ಆದ್ದರಿಂದ 1999ರ ನಿಕಾನ್ ಡಿ1 ಚಿಕ್ಕ ಸೆನ್ಸರ್ ಹೊತ್ತು ಬಂತು. ಈ ಅಳತೆಗೆ ‘ಎಪಿಎಸ್-ಸಿ’ ಎಂಬ ಹೆಸರು ಬಂದದ್ದು 1996ರಲ್ಲಿ ಹೊರಬಂದ ಎಪಿಎಸ್ ಎಂಬ ಫಿಲಂ ಪದ್ಧತಿಯಿಂದ. ಆ ಫಿಲಂ ಕಣ್ಮರೆಯಾಯಿತು, ಹೆಸರು ಉಳಿಯಿತು. ಕ್ಯಾನನ್ 2002ರಲ್ಲಿ, ನಿಕಾನ್ 2007ರಲ್ಲಿ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾಗಳನ್ನು ತಂದವು. ಅಷ್ಟರಲ್ಲಿ ಚಿಕ್ಕ ಸೆನ್ಸರಿಗೆಂದೇ ಮಾಡಿದ ಲೆನ್ಸುಗಳು ಮನೆಮನೆ ಸೇರಿದ್ದವು. ಇಂದಿನ ಗೊಂದಲದ ಬೇರು ಇದು.

ತಿರುಗಿಸಿ ಕೂರಿಸಿದಾಗ ಆಗುವುದೇನು?

ಇದು ಕಂಪನಿಯಿಂದ ಕಂಪನಿಗೆ ಬೇರೆ. ಮೊದಲು ಲೆನ್ಸಿನ ಮೇಲಿನ ಅಕ್ಷರ ಓದಬೇಕು. ನಿಕಾನ್‌ನಲ್ಲಿ ‘ಡಿಎಕ್ಸ್’, ಕ್ಯಾನನ್‌ನಲ್ಲಿ ‘ಇಎಫ್-ಎಸ್’ ಅಥವಾ ‘ಆರ್‌ಎಫ್-ಎಸ್’, ಸಿಗ್ಮಾದಲ್ಲಿ ‘ಡಿಸಿ’ ಎಂದಿದ್ದರೆ ಅದು ಕ್ರಾಪ್ ಲೆನ್ಸ್. ಸೋನಿಯಲ್ಲಿ ‘ಎಫ್‌ಇ’ ಎಂದಿದ್ದರೆ ಫುಲ್ ಫ್ರೇಮ್, ಬರೀ ‘ಇ’ ಎಂದಿದ್ದರೆ ಕ್ರಾಪ್.

ನಿಕಾನ್ ಡಿ750, ಡಿ850ರಂಥ ಕನ್ನಡಿಯುಳ್ಳ ಫುಲ್ ಫ್ರೇಮ್ ಕ್ಯಾಮೆರಾಗಳ ಮೇಲೆ ಡಿಎಕ್ಸ್ ಲೆನ್ಸ್ ತೊಂದರೆಯಿಲ್ಲದೆ ಕೂರುತ್ತದೆ. ಕ್ಯಾಮೆರಾ ಅದನ್ನು ಗುರುತಿಸಿ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತದೆ. ಬೇಡವೆಂದರೆ ಮೆನುವಿನಲ್ಲಿ ಇದನ್ನು ನಿಲ್ಲಿಸಬಹುದು. ಕನ್ನಡಿಯಿಲ್ಲದ ಝಡ್ ಸರಣಿಯ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ ಈ ಆಯ್ಕೆ ಇಲ್ಲ. ಡಿಎಕ್ಸ್ ಲೆನ್ಸ್ ಹಾಕಿದರೆ ನಡುಭಾಗವೇ ಗತಿ. ಸೋನಿಯಲ್ಲಿ ಎರಡೂ ಬಗೆಗೆ ಅವಕಾಶವಿದೆ.

ಕ್ಯಾನನ್‌ನ ಕಥೆ ಬೇರೆ. 2003ರಲ್ಲಿ ಬಂದ ಇಎಫ್-ಎಸ್ ಲೆನ್ಸುಗಳ ಹಿಂಭಾಗ ಕ್ಯಾಮೆರಾದೊಳಕ್ಕೆ ಹೆಚ್ಚು ಚಾಚಿಕೊಳ್ಳಬಲ್ಲದು. ಫುಲ್ ಫ್ರೇಮ್ ಕ್ಯಾಮೆರಾದ ದೊಡ್ಡ ಕನ್ನಡಿ ಮೇಲೇಳುವಾಗ ಅದಕ್ಕೆ ತಾಗುವ ಅಪಾಯವಿರುವುದರಿಂದ ಈ ಲೆನ್ಸ್ ಅಲ್ಲಿ ಕೂರದಂತೆಯೇ ಮಾಡಿದ್ದಾರೆ. ಲೆನ್ಸಿನ ಬಿಳಿ ಚೌಕದ ಗುರುತಿಗೆ ಕ್ಯಾಮೆರಾದಲ್ಲೂ ಬಿಳಿ ಚೌಕವಿರಬೇಕು. ಕೆಂಪು ಚುಕ್ಕೆ ಮಾತ್ರವಿದ್ದರೆ ಬಲವಂತ ಮಾಡಬೇಡಿ. ಕನ್ನಡಿಯಿಲ್ಲದ ಆರ್ ಸರಣಿಯ ಕ್ಯಾಮೆರಾಗಳಲ್ಲಿ ಅಡಾಪ್ಟರ್ ಮೂಲಕ ಇಎಫ್-ಎಸ್ ಲೆನ್ಸ್ ಕೂರುತ್ತದೆ, ಆದರೆ ಚಿತ್ರ ತಾನಾಗಿಯೇ ಕತ್ತರಿಸಲ್ಪಡುತ್ತದೆ.

ಕತ್ತರಿಸದೆ ಇಡೀ ಸೆನ್ಸರನ್ನು ಬಳಸಿದರೆ ನಾಲ್ಕು ಮೂಲೆಗಳಲ್ಲೂ ಕತ್ತಲೆ ಕವಿಯುತ್ತದೆ. ಜೂಮ್ ಲೆನ್ಸಿನಲ್ಲಿ ಇದು ಎಲ್ಲ ದೂರಕ್ಕೂ ಒಂದೇ ಸಮನಲ್ಲ. ಟೋಕಿನಾ 11-16 ಲೆನ್ಸ್ 11ರಲ್ಲಿ ದುಂಡನೆಯ ಕಪ್ಪು ಚೌಕಟ್ಟು ಹಾಕಿದರೂ 16ಕ್ಕೆ ಬಂದಾಗ ಫುಲ್ ಫ್ರೇಮನ್ನು ತುಂಬುತ್ತದೆ. ನಿಕಾನ್‌ನ 35 ಎಫ್/1.8 ಡಿಎಕ್ಸ್ ಕೂಡ ಹೆಚ್ಚುಕಡಿಮೆ ತುಂಬುತ್ತದೆ. ಮೂಲೆ ಮಾತ್ರ ಮಂಕು. ನಿಮ್ಮ ಲೆನ್ಸ್ ಹೇಗೆಂದು ತಿಳಿಯಲು ಬಿಳಿಯ ಗೋಡೆಯನ್ನೋ ಸಂಜೆಯ ಬರಿಯ ಆಕಾಶವನ್ನೋ ಬೇರೆ ಬೇರೆ ಜೂಮಿನಲ್ಲಿ ತೆಗೆದು ನೋಡಿ. ಆಮೇಲೆ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ತೆಗೆಯಿರಿ. ಮೂಲೆಯ ಅಕ್ಷರ ಓದಲು ಬರುತ್ತದೆಯೇ ಎಂಬುದೇ ಪರೀಕ್ಷೆ.

ಲೆಕ್ಕ ಮಾಡಿ ನೋಡಿದರೆ

24 ಮೆಗಾಪಿಕ್ಸೆಲಿನ ಫುಲ್ ಫ್ರೇಮ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆಗಳು. ನಡುಭಾಗವನ್ನು ಮಾತ್ರ ಬಳಸಿದಾಗ ಎರಡೂ ಬದಿ ಒಂದೂವರೆ ಪಟ್ಟು ಕುಗ್ಗಿ ಸುಮಾರು 4000×2667 ಆಗುತ್ತದೆ. ಅಂದರೆ ಉಳಿಯುವುದು 10-11 ಮೆಗಾಪಿಕ್ಸೆಲ್. ಕ್ಯಾನನ್‌ನಲ್ಲಿ 1.6ರಿಂದ ಭಾಗಿಸಬೇಕಾದ್ದರಿಂದ 9ರ ಆಸುಪಾಸು.

ಇದು ಸಾಲುತ್ತದೆಯೇ? ಕೆಲಸದ ಮೇಲೆ ಹೇಳಬೇಕು. ಬನಶಂಕರಿಯ ಕಲ್ಯಾಣ ಮಂಟಪವೊಂದರಲ್ಲಿ ಮದುವೆಯ ಚಿತ್ರ ತೆಗೆಯುವ ತರುಣನೊಬ್ಬನನ್ನು ಊಹಿಸಿಕೊಳ್ಳಿ. 12×8 ಇಂಚಿನ ಪ್ರಿಂಟಿಗೆ ಈ ಚಿತ್ರ ಧಾರಾಳವಾಗಿ ಸಾಕು. ಇಂಚಿಗೆ 300ಕ್ಕಿಂತ ಹೆಚ್ಚು ಚುಕ್ಕೆಗಳು ಸಿಗುತ್ತವೆ. ಆದರೆ ಈಗಿನ ಆಲ್ಬಂ ತೆರೆದಿಟ್ಟಾಗ 36 ಇಂಚು ಅಗಲ. ಎರಡೂ ಪುಟ ತುಂಬ ಒಂದೇ ಗುಂಪುಚಿತ್ರ ಹಾಕಿದರೆ ಇಂಚಿಗೆ 111 ಚುಕ್ಕೆ ಮಾತ್ರ. ಹಿಂದಿನ ಸಾಲಿನಲ್ಲಿ ನಿಂತ ಅಜ್ಜಿಯ ಮುಖ ಹತ್ತಿರದಿಂದ ನೋಡಿದಾಗ ಮಸುಕಾಗಿ ಕಂಡರೆ ಆಶ್ಚರ್ಯವಿಲ್ಲ. ಇಡೀ ಸೆನ್ಸರ್ ಬಳಸಿದ್ದರೆ ಅದು 167 ಆಗುತ್ತಿತ್ತು. ಧಾರೆಯ ಗಳಿಗೆ ಎರಡನೆಯ ಸಲ ಬರುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನು ಮುಹೂರ್ತಕ್ಕೆ ಮುಂಚೆಯೇ ಮಾಡಿಕೊಂಡಿರಬೇಕು.

ಇನ್ನೊಂದು ನಷ್ಟ ಬೆಳಕಿನದು. ಮಂದ ಬೆಳಕಿನಲ್ಲಿ ಫುಲ್ ಫ್ರೇಮ್ ಚೆನ್ನ ಎನ್ನಲು ಕಾರಣ, ಅದರ ದೊಡ್ಡ ಮೈ ಹೆಚ್ಚು ಬೆಳಕನ್ನು ಒಟ್ಟುಗೂಡಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬಿಟ್ಟುಬಿಟ್ಟಾಗ ಆ ಲಾಭವೂ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಬನಶಂಕರಿ ದೇವಸ್ಥಾನದಲ್ಲಿ ಹಚ್ಚುವ ನಿಂಬೆಹಣ್ಣಿನ ದೀಪಗಳಂಥ ಬೆಳಕಿನ ದೃಶ್ಯ ತೆಗೆದರೆ, ಚಿತ್ರದಲ್ಲಿನ ಕಾಳುಕಾಳು ಹೆಚ್ಚುಕಡಿಮೆ ಹಳೆಯ ಕ್ಯಾಮೆರಾದಷ್ಟೇ ಇರುತ್ತದೆ.

“18-55 ಲೆನ್ಸನ್ನು ಫುಲ್ ಫ್ರೇಮಿಗೆ ಹಾಕಿದರೆ 18ರ ಪೂರ್ತಿ ಅಗಲ ಸಿಗುತ್ತದೆ” ಎಂಬ ನಂಬಿಕೆಯೂ ಇದೆ. ನಡುಭಾಗ ಮಾತ್ರ ಬಳಸುವವರೆಗೆ ಸಿಗುವುದಿಲ್ಲ. ಲೆನ್ಸಿನ ನಾಭಿದೂರ ಎಲ್ಲಿ ಹಾಕಿದರೂ 18 ಮಿಲಿಮೀಟರೇ. ಬದಲಾಗುವುದು ಚಿತ್ರದೊಳಗೆ ಹಿಡಿಸುವ ನೋಟದ ಕೋನ. ಆ ಕೋನ ಫುಲ್ ಫ್ರೇಮಿನ 27 ಮಿಲಿಮೀಟರ್ ಲೆನ್ಸಿನದಕ್ಕೆ ಸಮ. ಗಾಜಿನ ಮನೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದು ಹೊರಟವರು ಮೊದಲಿನಷ್ಟೇ ಹಿಂದಕ್ಕೆ ನಡೆಯಬೇಕು.

ಹಕ್ಕಿ ತೆಗೆಯುವವರು ಗಮನಿಸಬೇಕಾದ್ದು

ಮತ್ತೆ ಪುಟ್ಟೇನಹಳ್ಳಿಗೆ ಬರೋಣ. ಜೊಂಡಿನ ನಡುವೆ ಒಂದು ನೀರುಕೋಳಿ. ನಿಮ್ಮ ಟೆಲಿ ಲೆನ್ಸ್ ಅದರ ಬಿಂಬವನ್ನು ಸೆನ್ಸರಿನ ಮೇಲೆ 6 ಮಿಲಿಮೀಟರ್ ಉದ್ದಕ್ಕೆ ಮೂಡಿಸಿತು ಎನ್ನೋಣ. 24 ಮೆಗಾಪಿಕ್ಸೆಲಿನ ಕ್ರಾಪ್ ಕ್ಯಾಮೆರಾದಲ್ಲಿ ಆ 6 ಮಿಲಿಮೀಟರಿನೊಳಗೆ ಸುಮಾರು 1500 ಚುಕ್ಕೆಗಳಿರುತ್ತವೆ. ಅಷ್ಟೇ ಮೆಗಾಪಿಕ್ಸೆಲಿನ ಫುಲ್ ಫ್ರೇಮಿನಲ್ಲಿ ಚುಕ್ಕೆಗಳು ದೊಡ್ಡವು. ಅದೇ 6 ಮಿಲಿಮೀಟರಿಗೆ 1000 ಮಾತ್ರ. ಅಂದರೆ ಹಳೆಯ ಲೆನ್ಸನ್ನೇ ಇಟ್ಟುಕೊಂಡು ಕ್ಯಾಮೆರಾ ಮಾತ್ರ ಬದಲಿಸಿದವರಿಗೆ ದೂರದ ಹಕ್ಕಿಯ ಗರಿಯ ವಿವರ ಹೆಚ್ಚುವ ಬದಲು ಕಡಿಮೆಯಾಗುತ್ತದೆ! 45 ಮೆಗಾಪಿಕ್ಸೆಲಿನ ಕ್ಯಾಮೆರಾ ಆದರೆ ಕತ್ತರಿಸಿದ ಮೇಲೂ ನಿಕಾನ್ ಡಿ850ರಲ್ಲಿ 19ರಷ್ಟು ಉಳಿಯುತ್ತದೆ. ಅಲ್ಲಿ ಕೊರತೆ ಅಷ್ಟಾಗಿ ಕಾಡದು. ಹಕ್ಕಿಗಳಷ್ಟೇ ನಿಮ್ಮ ಹವ್ಯಾಸವಾದರೆ ಇರುವ ಕ್ಯಾಮೆರಾವನ್ನು ಉಳಿಸಿಕೊಂಡು ಒಳ್ಳೆಯ ಟೆಲಿ ಲೆನ್ಸಿಗೆ ಹಣ ಹಾಕುವುದು ಜಾಣತನ.

ಹಾಗಾದರೆ ಪ್ರಯೋಜನವೇ ಇಲ್ಲವೇ?

ಇದೆ. ಒಂದು, ವಿಡಿಯೊ. 4ಕೆ ಚಿತ್ರಕ್ಕೆ ಬೇಕಾದದ್ದು 3840×2160, ಅಂದರೆ 8.3 ಮೆಗಾಪಿಕ್ಸೆಲ್ ಮಾತ್ರ. ನಡುಭಾಗದಲ್ಲಿ ಅಷ್ಟು ಸಾಮಾನ್ಯವಾಗಿ ಸಿಗುತ್ತದೆ. ಎರಡು, ಹಗುರ. ದೂರ ಪ್ರಯಾಣಕ್ಕೆ ಒಂದು ಪುಟ್ಟ ಜೂಮ್ ಸಾಕೆನ್ನುವ ದಿನಗಳಿರುತ್ತವೆ. ಮೂರು, ಸೇತುವೆಯ ಕೆಲಸ. ಹೊಸ ಲೆನ್ಸಿಗೆ ಹಣ ಕೂಡುವವರೆಗೆ ಹಳೆಯದು ಕೈ ಬಿಡುವುದಿಲ್ಲ. ಆದರೆ ಸೇತುವೆಯ ಮೇಲೆ ಯಾರೂ ಮನೆ ಕಟ್ಟುವುದಿಲ್ಲ.

ಕೊಳ್ಳುವ ಮುನ್ನ ಹೀಗೆ ಮಾಡಿ. ಫುಲ್ ಫ್ರೇಮಿಗೆ ಹೋಗುವುದು ಖಚಿತವಾದರೆ ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ. ಒಂದೇ ಮೌಂಟಿನ ಫುಲ್ ಫ್ರೇಮ್ ಲೆನ್ಸ್ ನಿಮ್ಮ ಈಗಿನ ಕ್ರಾಪ್ ಕ್ಯಾಮೆರಾದಲ್ಲೂ ಕೆಲಸ ಮಾಡುತ್ತದೆ. ತಿರುಗುಮುರುಗಿನ ದಾರಿಯಲ್ಲೇ ನಷ್ಟ. ನಗರದಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ. ಎರಡು ದಿನ ಬಳಸಿ ನೋಡಿ ತೀರ್ಮಾನಿಸಿ.

ಕೊನೆಯದಾಗಿ, ಮನೆಯ ಬೀರುವನ್ನು ಒಮ್ಮೆ ತೆರೆಯಿರಿ. ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಅಪ್ಪನೋ ಚಿಕ್ಕಪ್ಪನೋ ಬಳಸುತ್ತಿದ್ದ ಫಿಲಂ ಕ್ಯಾಮೆರಾ ಇನ್ನೂ ಇದ್ದೀತು. ಅದರ 50 ಮಿಲಿಮೀಟರ್ ಲೆನ್ಸ್ 36×24ರ ಫಿಲಮ್ಮಿಗೆ ಮಾಡಿದ್ದು. ಅಂದರೆ ಅದು ಹುಟ್ಟಿನಿಂದಲೇ ಫುಲ್ ಫ್ರೇಮ್ ಲೆನ್ಸ್. 1977ರಿಂದ ಈಚಿನ ನಿಕಾನ್ ಎಐ ಬಗೆಯದಾದರೆ ಡಿ750, ಡಿ850ರ ಮೇಲೆ ನೇರವಾಗಿ ಕೂರುತ್ತದೆ. ಫೋಕಸ್ ಮಾತ್ರ ಕೈಯಿಂದಲೇ. ಅದಕ್ಕಿಂತ ಹಳೆಯದಾದರೆ ತಿಳಿದವರಿಗೆ ತೋರಿಸದೆ ಹಾಕಬೇಡಿ. ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿದೆಯೇ ನೋಡಿ. ಗಾಜು ತಿಳಿಯಾಗಿದ್ದರೆ, ಹೊಸ ಕ್ಯಾಮೆರಾದ ಇಡೀ ಸೆನ್ಸರನ್ನು ತುಂಬಬಲ್ಲ ಮೊದಲ ಲೆನ್ಸ್ ನಿಮ್ಮ ಮನೆಯಲ್ಲೇ ಸಿಕ್ಕಂತಾಯಿತು.