ಗಗನದಿಂದ ಇಳಿದ ಪಾಠ

ಕಲಿಕೆಗೆ ನೆರವಾಗುವ ಸಾಧನಗಳು ನಮ್ಮ ಶಾಲೆಗಳಿಗೆ ಹೊಸವಲ್ಲ. ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದ ಮಕ್ಕಳ ಕೈಗೆ ಸ್ಲೇಟು ಬಂದಿತು. ಗೋಡೆಗೆ ಕರಿಹಲಗೆಯೂ ಭೂಪಟವೂ ಬಂದುವು. ಅನಂತರ ರೇಡಿಯೋ, ದೂರದರ್ಶನ, ಗಣಕಯಂತ್ರಗಳು ಬಂದಿವೆ. ಆದರೆ ಸಾಧನವು ಶಾಲೆಯ ಬಾಗಿಲಿಗೆ ಬಂದ ಮಾತ್ರಕ್ಕೆ ವಿದ್ಯೆಯೂ ಅದರ ಹಿಂದೆಯೇ ಬರುವುದೆ? ಈ ಪ್ರಶ್ನೆಯನ್ನು ವಿಚಾರಮಾಡಲು ಭಾರತವು 1975ರಲ್ಲಿ ಕೈಗೊಂಡ ಒಂದು ಪ್ರಯೋಗ ಉತ್ತಮ ನಿದರ್ಶನವಾಗಿದೆ.

ನಮ್ಮ ದೇಶದ ಬಾಹ್ಯಾಕಾಶ ಸಂಶೋಧನೆಗೆ ತಳಹದಿ ಹಾಕಿದ ವಿಕ್ರಮ್ ಸಾರಾಭಾಯಿಯವರು, ಉಪಗ್ರಹದ ನೆರವಿನಿಂದ ದೂರದ ಹಳ್ಳಿಗಳಿಗೂ ಶಿಕ್ಷಣವನ್ನು ಮುಟ್ಟಿಸಬೇಕೆಂದು ಬಯಸಿದ್ದರು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರಲ್ಲಿ ಸಾರಾಭಾಯಿಯವರು ಕಾಲವಾದರೂ ಕಾರ್ಯವು ನಿಲ್ಲಲಿಲ್ಲ. ನಾಸಾದ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, 1975ರ ಆಗಸ್ಟ್ 1ರಂದು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರಂಭವಾಯಿತು. ‘ಸೈಟ್’ ಎಂಬುದು ಅದರ ಕಿರುಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರಲ್ಲಿ ಸೇರಿದ್ದುವು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದುವು.

ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಅಷ್ಟು ಎತ್ತರದಲ್ಲಿ ಅದು ಒಂದು ಸುತ್ತು ಬರಲು, ಭೂಮಿಯು ತನ್ನ ಸುತ್ತ ತಾನು ಒಮ್ಮೆ ತಿರುಗುವಷ್ಟೇ ಕಾಲ ಬೇಕು. ಆದುದರಿಂದ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಅಲೆಗಳು ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ಹಳ್ಳಿಗಳಿಗೆ ಇಳಿದುಬರುತ್ತಿದ್ದುವು. ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ ಅವನ್ನು ಹಿಡಿದು ದೂರದರ್ಶನ ಪೆಟ್ಟಿಗೆಗೆ ಒದಗಿಸುತ್ತಿತ್ತು. ವಿದ್ಯುತ್ತಿಲ್ಲದ ಕೆಲವು ಹಳ್ಳಿಗಳಲ್ಲಿ ಪೆಟ್ಟಿಗೆಯು ಬ್ಯಾಟರಿಯಿಂದ ನಡೆಯುತ್ತಿತ್ತು.

ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲಾಗಿತ್ತು. ನಾಲ್ಕು ಭಾಷೆಗಳು ಆ ಅವಧಿಯನ್ನು ಹಂಚಿಕೊಳ್ಳುತ್ತಿದ್ದುದರಿಂದ ಒಂದೊಂದು ಭಾಷೆಗೆ ದೊರೆಯುತ್ತಿದ್ದುದು ಅರ್ಧ ಗಂಟೆಗೂ ಕಡಿಮೆ. ಶಾಲೆಯ ಉಳಿದ ಹೊತ್ತೆಲ್ಲ ಶಿಕ್ಷಕರದೇ ಆಗಿತ್ತು. ಇದಲ್ಲದೆ ಪೆಟ್ಟಿಗೆಯು ಮಾತನಾಡಬಲ್ಲುದೇ ಹೊರತು ಕೇಳಲಾರದು. ಹಿಂದಿನ ಸಾಲಿನ ಹುಡುಗಿಗೆ ಅರ್ಥವಾಗಲಿಲ್ಲವೆಂದು ಅದು ಒಂದು ಕ್ಷಣವೂ ನಿಲ್ಲುವುದಿಲ್ಲ. ಅವಳ ಮುಖವನ್ನು ನೋಡಿ ಇನ್ನೊಮ್ಮೆ ವಿವರಿಸಬಲ್ಲವರು ಶಿಕ್ಷಕರು ಮಾತ್ರ.

ಬೀಜ ಮೊಳೆಯುವ ಪಾಠವನ್ನೇ ತೆಗೆದುಕೊಳ್ಳೋಣ. ಹಲವು ದಿನಗಳ ಬೆಳವಣಿಗೆಯನ್ನು ತೆರೆಯು ಒಂದೆರಡು ನಿಮಿಷಗಳಲ್ಲಿ ತೋರಿಸಬಲ್ಲುದು; ಇದು ಕರಿಹಲಗೆಯಿಂದ ಆಗದ ಕೆಲಸ. ಆದರೆ “ಮೊದಲು ಹೊರಬರುವುದು ಬೇರೋ ಚಿಗುರೋ?” ಎಂದು ಶಿಕ್ಷಕರು ಮುಂಚೆಯೇ ಕೇಳಿದ್ದರೆ ಮಕ್ಕಳ ಕಣ್ಣು ಅದನ್ನೇ ಅರಸುತ್ತದೆ. ಅನಂತರ ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಟ್ಟು, ದಿನವೂ ಬಿಚ್ಚಿ ನೋಡಿ ಬರೆದಿಟ್ಟುಕೊಂಡರೆ ಕಂಡದ್ದು ತಿಳಿವಳಿಕೆಯಾಗುತ್ತದೆ. ಈ ಎರಡೂ ಇಲ್ಲದಿದ್ದರೆ ಪಾಠವು ಬರಿಯ ನೋಟವಾಗಿ ಕಳೆದುಹೋಗುತ್ತದೆ.

ಪ್ರಯೋಗವನ್ನು ಯೋಜಿಸಿದವರು ಈ ಸತ್ಯವನ್ನು ಮನಗಂಡಿದ್ದರು. ಆ ವರ್ಷದಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ದೂರದರ್ಶನದ ಮೂಲಕವೇ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. 1976ರ ಜುಲೈ 31ರಂದು ಪ್ರಯೋಗವು ಮುಗಿಯಿತು. ಉಪಗ್ರಹವು ಹಳ್ಳಿಗಳ ಪಾಲಿಗೆ ಮೌನವಾಯಿತು. ಶಿಕ್ಷಕರು ಪಡೆದ ತರಬೇತಿಯಾದರೋ ಅವರೊಡನೆಯೇ ಉಳಿಯಿತು.

2004ರ ಸೆಪ್ಟೆಂಬರ್ 20ರಂದು ಭಾರತವು ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಎಂಬ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಅದರಿಂದ ಪಾಠಗಳನ್ನು ಪಡೆದುವು. 2010ರಲ್ಲಿ ಅದರ ಸೇವೆಯೂ ಕೊನೆಗೊಂಡಿತು. ಇಂದು ಪಾಠಗಳು ಅಂಗೈಯಗಲದ ಮೊಬೈಲಿನಲ್ಲಿಯೇ ದೊರೆಯುತ್ತವೆ. ಸಾಧನಗಳು ಹೀಗೆ ಬರುತ್ತವೆ, ಹಳತಾಗಿ ಹೋಗುತ್ತವೆ. ನೋಡುವ ಮೊದಲು ಪ್ರಶ್ನಿಸುವುದು, ನೋಡಿದ ಮೇಲೆ ಮಾಡಿ ತಿಳಿಯುವುದು ಇವೆರಡನ್ನು ರೂಢಿಸಿಕೊಂಡ ವಿದ್ಯಾರ್ಥಿಗೆ ಯಾವ ಸಾಧನವೂ ನೆರವಾಗುತ್ತದೆ. ರೂಢಿಸಿಕೊಳ್ಳದವನಿಗೆ ಆಕಾಶದಿಂದಲೇ ಪಾಠ ಇಳಿದರೂ ಪ್ರಯೋಜನವಿಲ್ಲ.